ಹೊಲಿಗೆ ಅಂಗಡಿಯ ಬಾಗಿಲಿಗೆ ಹಾಕಿದ ಬೋರ್ಡಿನ ಬಗ್ಗೆ

ಸೋಂಕು ತಡೆ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಪತ್ರ ಬರೆಯುತ್ತಿರುವುದಕ್ಕೇ ಮೊದಲು ಕ್ಷಮೆ ಕೇಳುತ್ತೇನೆ. ನಾನು ಸಮಾಜಕಾರ್ಯ ಕೋರ್ಸಿನ ಮೊದಲ ವರ್ಷದ ವಿದ್ಯಾರ್ಥಿನಿ, ಅಂದರೆ ಯಾರಿಗೂ ಬುದ್ಧಿ ಹೇಳುವ ಹಂತಕ್ಕೆ ಇನ್ನೂ ಬಂದವಳಲ್ಲ. ಐದನೇ ಕ್ಲಾಸಿನಿಂದ ಹಾಸ್ಟೆಲ್ಲಿನಲ್ಲೇ ಬೆಳೆದವಳಾದ್ದರಿಂದ ಲೀವ್ ಲೆಟರ್ ಬಿಟ್ಟರೆ ಬೇರೆ ಪತ್ರವ್ಯವಹಾರದ ಅಭ್ಯಾಸವೂ ಇಲ್ಲ. ಇದನ್ನೂ ಮೊದಲು ಇಂಗ್ಲಿಷಿನಲ್ಲೇ ಶುರು ಮಾಡಿದ್ದೆ. ಎರಡು ಪುಟ ಆದಮೇಲೆ ಓದಿ ನೋಡಿದರೆ ವಿನಯವೇ ತುಂಬಿಕೊಂಡು, ದೂರು ಎಲ್ಲಿದೆ ಎಂದು ನನಗೇ ಸಿಗಲಿಲ್ಲ. ಕನ್ನಡದಲ್ಲಿ ದೂರು ಒಂದೇ ಸಾಲಿನದು: ಟೈಲರಕ್ಕನ ಅಂಗಡಿಯ ಬಾಗಿಲಿಂದ ನಿಮ್ಮ ಬೋರ್ಡನ್ನು ತೆಗೆಸಿ.

ಇದನ್ನು ಎಲ್ಲರೂ ಓದುವಂತೆ ಏಕೆ ಬರೆದೆ ಎಂದು ತಾವು ಕೇಳಬಹುದು. ತಮಗೊಬ್ಬರಿಗೇ ಓದಲು ಎರಡು ಪತ್ರ ಬರೆದಿದ್ದೆ. ಮೊದಲನೆಯದು ತಲುಪಿದೆ ಎಂದು ಉತ್ತರ ಬಂತು. ಎರಡನೆಯದನ್ನು ಸಂಬಂಧಪಟ್ಟ ವಿಭಾಗಕ್ಕೆ ಕಳಿಸಲಾಗಿದೆ ಎಂದು ಉತ್ತರ ಬಂತು. ವಿಚಾರಿಸಿದಾಗ ಸಂಬಂಧಪಟ್ಟ ವಿಭಾಗ ತಮ್ಮದೇ ಎಂದು ತಿಳಿಯಿತು.

ಟೈಲರಕ್ಕನದು ಹೊಸ ಬಟ್ಟೆ ಹೊಲಿಯುವ ಅಂಗಡಿಯಲ್ಲ, ಹಳೇ ಬಟ್ಟೆ ಸರಿಮಾಡುವ ಅಂಗಡಿ. ಎರಡು ಮೆಷಿನ್ನು, ಒಂದು ಇಸ್ತ್ರಿ ಟೇಬಲ್ಲು, ಪರದೆ ಎಳೆದುಕೊಳ್ಳುವ ಒಂದು ಟ್ರಯಲ್ ರೂಮು, ಅಷ್ಟೇ. ಆ ಪರದೆಯ ಹಿಂದೆ ಅಕ್ಕ ಏಳು ವರ್ಷದಿಂದ ಬೆರಳು ಚುಚ್ಚಿ ಎಚ್‌ಐವಿ ಪರೀಕ್ಷೆ ಮಾಡುತ್ತಿದ್ದಾರೆ. ಅದಕ್ಕೆ ತರಬೇತಿ ಕೊಟ್ಟವರು, ಆಸ್ಪತ್ರೆಯಿಂದ ಮಾತ್ರೆ ತಂದು ಹಂಚಲು ಒಪ್ಪಿಗೆ ಕೊಟ್ಟವರು ತಮ್ಮ ವಿಭಾಗದವರೇ. ಅಕ್ಕ ತಾವೇ ಹದಿನಾಲ್ಕು ವರ್ಷದಿಂದ ಅದೇ ಮಾತ್ರೆ ನುಂಗುತ್ತಿರುವವರು. ಬರುವವರು ಲಾರಿ ಕ್ಲೀನರುಗಳು, ಲಾಡ್ಜಿನ ಕೋಣೆ ಗುಡಿಸುವವರು, ಹೆಣ್ಣುಡುಗೆ ತೊಟ್ಟರೆ ಆಸ್ಪತ್ರೆಯ ಕ್ಯೂನಲ್ಲಿ ಯಾವ ಸಾಲಿಗೂ ಸೇರದವರು, ಬೀದಿಯಲ್ಲಿ ನಿಂತು ಗಿರಾಕಿ ಕಾಯುವ ಹೆಂಗಸರು. ಎಲ್ಲರ ಕೈಯಲ್ಲೂ ಒಂದು ಬಟ್ಟೆಚೀಲ. ಚೀಲದಲ್ಲಿ ಜಿಪ್ಪು ಹೋದ ಪ್ಯಾಂಟೋ, ಕಂಕುಳು ಬಿಟ್ಟ ಅಂಗಿಯೋ ಇರುತ್ತದೆ. ರಿಪೇರಿಯಾದ ಬಟ್ಟೆಯ ಮಡಿಕೆಯೊಳಗೆ ಒಂದು ತಿಂಗಳ ಮಾತ್ರೆ ಇಟ್ಟು ವಾಪಸ್ ಕೊಡುತ್ತಾರೆ. ಕೆಲವರು ಪ್ರತಿ ತಿಂಗಳೂ ಅದೇ ಪ್ಯಾಂಟಿನ ಅದೇ ಜಿಪ್ಪನ್ನು ಮನೆಯಲ್ಲಿ ಬಿಚ್ಚಿ ತರುತ್ತಾರಂತೆ. ಹೆಸರು, ವಿಳಾಸ ಬರೆದುಕೊಳ್ಳುವುದಿಲ್ಲ. ಅಳತೆ ಪುಸ್ತಕದಲ್ಲಿ ‘ಕಂದು ಪ್ಯಾಂಟು, ಜಿಪ್ಪು’ ಎಂದಿದ್ದರೆ ಅದು ಯಾರೆಂದು ಅಕ್ಕನಿಗೆ ಗೊತ್ತು.

ಫೀಲ್ಡ್ ವರ್ಕಿಗೆ ಕಾಲೇಜು ನನ್ನನ್ನು ಅಲ್ಲಿಗೆ ಹಾಕಿದಾಗ ಈ ಪುಸ್ತಕ ನೋಡಿ ನನಗೆ ಗಾಬರಿಯಾಯಿತು. ನನ್ನ ಡೇಟಾ ಸರಿಯಿರಲ್ಲ ಎಂಬ ಭಯ. ಕೊನೇಪಕ್ಷ ಫೋನ್ ನಂಬರನ್ನಾದರೂ ಇಟ್ಟುಕೊಳ್ಳಬಾರದೇ ಎಂದು ಕೇಳಿದ್ದೆ. ಅಕ್ಕ ಬಾಯಲ್ಲಿದ್ದ ಗುಂಡುಪಿನ್ನು ತೆಗೆಯದೆಯೇ ಹೇಳಿದರು:

“ನನ್ನ ಫೋನು ನನ್ನ ಮಗಳು ನೋಡ್ತಾಳೆ, ಅವರ ಫೋನು ಅವರ ಮನೆಯವರು ನೋಡ್ತಾರೆ. ಹರಿದ ಪ್ಯಾಂಟನ್ನ ಯಾರೂ ನೋಡಲ್ಲ ಕಣಮ್ಮ.”

ನಾನು ಅದನ್ನು ಡೈರಿಯಲ್ಲಿ ‘ಸಮುದಾಯದ ಅರಿವಿನ ಕೊರತೆ’ ಎಂದು ಬರೆದುಕೊಂಡೆ.

ಆಮೇಲೆ ತಮ್ಮ ಸುತ್ತೋಲೆ ಬಂತು. ಪ್ರತಿ ಕೇಂದ್ರದ ಬಾಗಿಲಿಗೆ ನಾಲ್ಕಡಿ ಅಗಲ, ಮೂರಡಿ ಎತ್ತರದ ಬೋರ್ಡು ಹಾಕಬೇಕು. ಬೋರ್ಡಿನ ಮುಂದೆ ಫಲಾನುಭವಿಯನ್ನು ನಿಲ್ಲಿಸಿ, ಮುಖ ಸ್ಪಷ್ಟವಾಗಿ ಕಾಣುವಂತೆ ಫೋಟೊ ತೆಗೆದು, ಜಾಗದ ಗುರುತಿನೊಂದಿಗೆ ಮೂರು ದಿನದೊಳಗೆ ಕಳಿಸಬೇಕು. ಬೋರ್ಡನ್ನು ತಾವೇ ಕಳಿಸಿದ್ದಿರಿ. ಮೇಲೆ ಕೆಂಪು ಅಕ್ಷರದಲ್ಲಿ ‘ಎಚ್‌ಐವಿ ಸೋಂಕಿತರ ಸೇವಾ ಕೇಂದ್ರ’, ಕೆಳಗೆ ‘ಬನ್ನಿ, ಮುಜುಗರ ಬೇಡ’. ಅಕ್ಷರಗಳ ಗಾತ್ರದ ಬಗ್ಗೆ ನನ್ನ ತಕರಾರಿಲ್ಲ. ಎದುರು ರಸ್ತೆಯ ಬಸ್ ಸ್ಟಾಪಿನಿಂದಲೂ ಆರಾಮಾಗಿ ಓದಬಹುದು.

ಅದನ್ನು ನೇತುಹಾಕಿದವಳು ನಾನೇ. ಮೂರು ವಾರದ ಹಿಂದೆ, ಮಂಗಳವಾರ ಬೆಳಿಗ್ಗೆ, ಅಕ್ಕ ಮಾತ್ರೆ ತರಲು ಆಸ್ಪತ್ರೆಗೆ ಹೋಗಿದ್ದಾಗ. ಇಂಟರ್ನಲ್ ಮಾರ್ಕ್ಸ್ ಹೋಗಬಾರದು ಎಂಬುದೊಂದೇ ಆಗ ತಲೆಯಲ್ಲಿತ್ತು. ಫೋಟೊಕ್ಕೆ ಮಧ್ಯಾಹ್ನದವರೆಗೆ ಕಾದೆ, ಒಬ್ಬರೂ ಬರಲಿಲ್ಲ. ಕೊನೆಗೆ ನಾನೇ ಬೋರ್ಡಿನ ಮುಂದೆ ನಿಂತು, ಸ್ವಲ್ಪ ನಕ್ಕು, ಫೋಟೊ ತೆಗೆದು ಕಳಿಸಿದೆ. ಕಳಿಸುವಾಗ ‘ಫೋಟೊದಲ್ಲಿರುವವರು’ ಎಂಬ ಜಾಗದಲ್ಲಿ ಆರಿಸಿಕೊಳ್ಳಲು ಎರಡೇ ಪದಗಳಿದ್ದವು: ‘ಅಧಿಕಾರಿ’, ‘ಫಲಾನುಭವಿ’. ನಾನು ಅಧಿಕಾರಿಯಲ್ಲ.

ಅಕ್ಕ ಬಂದವರು ಬೋರ್ಡು ನೋಡಿ ಚಪ್ಪಲಿ ಬಿಡುವುದನ್ನೂ ಮರೆತು ನಿಂತರು. ಬೈಯಲಿಲ್ಲ. ಸಂಜೆ ರಿಪೇರಿಗೆ ಬಂದಿದ್ದ ಎರಡು ಕೋಟನ್ನು ಅದರ ಮೇಲೆ ನೇತುಹಾಕಿದರು. ಮರುದಿನವೇ ತಪಾಸಣೆಗೆ ಬಂದ ತಮ್ಮ ಸಿಬ್ಬಂದಿ ‘ಫಲಕವನ್ನು ಉದ್ದೇಶಪೂರ್ವಕವಾಗಿ ಮರೆಮಾಚಲಾಗಿದೆ’ ಎಂದು ನೋಟಿಸು ಕೊಟ್ಟರು. ಬೋರ್ಡು ಕಾಣದಿದ್ದರೆ ಮಾತ್ರೆ ಕೊಡುವುದೇ ನಿಲ್ಲುತ್ತದೆ ಎಂದು ಅದರಲ್ಲಿತ್ತು. ಕೋಟುಗಳು ಒಳಗೆ ಹೋದವು.

ತಿಂಗಳಿಗೆ ಸುಮಾರು ನಲವತ್ತು ಜನ ಬಂದು ಹೋಗುತ್ತಿದ್ದ ಅಂಗಡಿಗೆ ಈ ಮೂರು ವಾರದಲ್ಲಿ ಬಂದವರು ಮೂವರು. ಒಬ್ಬರು ದಾರಿ ಕೇಳಲು ಬಂದರು. ಇನ್ನೊಬ್ಬರು, ಕೊಟ್ಟಿದ್ದ ಕೋಟು ರಿಪೇರಿಯಾಗದಿದ್ದರೂ ಪರವಾಗಿಲ್ಲ, ಹಾಗೇ ಕೊಟ್ಟುಬಿಡಿ ಎಂದು ಇಸಿದುಕೊಂಡು ಹೋದರು. ಮೂರನೆಯವರು ನೋಟಿಸಿಗೆ ಸಹಿ ಪಡೆಯಲು ಬಂದ ತಮ್ಮ ಸಿಬ್ಬಂದಿ. ತಮ್ಮ ಮಾಸಿಕ ವರದಿಯಲ್ಲಿ ಈ ಕೇಂದ್ರದ ಸಾಧನೆ ಶೇಕಡಾ ನೂರು ಎಂದಿದೆ. ಬೋರ್ಡು ಒಂದು, ಹಾಕಿದ್ದು ಒಂದು. ಗಣಿತದಲ್ಲಿ ತಪ್ಪಿಲ್ಲ.

ನನ್ನ ಫೋಟೊವನ್ನು ತಾವು ಕಚೇರಿಯ ಪುಟದಲ್ಲಿ ಹಾಕಿದಿರಿ. ‘ಮುಜುಗರ ಮೆಟ್ಟಿ ನಿಂತ ಯುವತಿ’ ಎಂಬ ಶೀರ್ಷಿಕೆಗೆ ಧನ್ಯವಾದ. ಅದೇ ಸಂಜೆ ವಾರ್ಡನ್ ಮೇಡಂ ಕರೆದು, ಕೂರಿಸಿ, ತಾವು ಹಳೇ ಕಾಲದವರಲ್ಲ ಎಂದು ಎರಡು ಸಲ ಹೇಳಿದರು. ಆಮೇಲೆ, “ಆದ್ರೂ ನಿನ್ನ ಬಕೆಟ್ಟು ನೀನು ಬೇರೆ ಇಟ್ಕೊಂಬಿಡಮ್ಮ, ಹೆಸರು ಬರೆದು” ಎಂದರು. ಬಕೆಟ್ಟಿನಿಂದ, ತಟ್ಟೆಯಿಂದ ಇದು ಹರಡುವುದಿಲ್ಲ ಎಂಬ ಕರಪತ್ರ ಅವರ ಹಿಂದಿನ ಗೋಡೆಯ ಮೇಲೇ ಇತ್ತು. ಅದೂ ತಮ್ಮ ವಿಭಾಗದ್ದೇ. ರೂಮ್‌ಮೇಟ್ ಫ್ಯಾನಿನ ಗಾಳಿ ಜಾಸ್ತಿ ಎಂದು ಬೇರೆ ರೂಮಿಗೆ ಹೋದಳು. ನಾವು ಸೇರಿದಾಗಿನಿಂದ ಆ ಫ್ಯಾನು ತಿರುಗಿಯೇ ಇಲ್ಲ.

ಈ ಜಾಗದಲ್ಲಿ ‘ನನಗೆ ಸೋಂಕಿಲ್ಲ’ ಎಂದು ಒಂದು ವಾಕ್ಯ ಬರೆದಿದ್ದೆ. ನಿಜ ಹೇಳಬೇಕೆಂದರೆ ಪತ್ರವನ್ನು ಶುರು ಮಾಡಿದ್ದೇ ಆ ವಾಕ್ಯಕ್ಕಾಗಿ. ಕಳಿಸುವ ಮೊದಲು ಅಕ್ಕನಿಗೆ ಓದಿ ಹೇಳಿದೆ. ಅವರು ಮೆಷಿನ್ನು ನಿಲ್ಲಿಸಿದರು.

“ಇಲ್ಲ ಅಂತ ಹೇಳ್ಕೊಂಡು ನೀನು ಈಚೆ ಬಂದ್ಬಿಡ್ತೀಯ. ಇದೆ ಅನ್ನೋರು ಎಲ್ಲಿಂದ ಬರಬೇಕು?”

ಹೊಡೆದುಹಾಕಿದೆ. ಇದೆಯೋ ಇಲ್ಲವೋ ಎಂಬುದು ಈಗ ನನ್ನ ಬಕೆಟ್ಟಿಗೂ ತಮಗೂ ಬಿಟ್ಟದ್ದು.

ನಾನು ನಿಜವಾಗಿ ಹೇಳಬೇಕಾಗಿರುವುದು ಕಂದು ಪ್ಯಾಂಟಿನವರ ಬಗ್ಗೆ. ಅವರು ಗೋಡೆಗೆ ಬಣ್ಣ ಬಳಿಯುವವರು. ಆಸ್ಪತ್ರೆಗೇ ಹೋಗಿ ಮಾತ್ರೆ ತರಬಹುದಲ್ಲ ಎಂದು ತಾವು ಹೇಳುತ್ತೀರಿ. ಅಲ್ಲಿ ಚೀಟಿ ಬರೆಯುವ ಕಿಟಕಿಯಲ್ಲಿ ಕೂರುವುದು ಅವರ ನಾದಿನಿ. ಐದು ವರ್ಷದಿಂದ ಒಂದು ದಿನವೂ ತಪ್ಪದೆ ಮಾತ್ರೆ ತೆಗೆದುಕೊಂಡವರು. ರಕ್ತದಲ್ಲಿ ವೈರಸ್ಸು ಲೆಕ್ಕಕ್ಕೇ ಸಿಗದಷ್ಟು ಕಡಿಮೆಯಾಗಿದೆ, ಹೆಂಡತಿಗೆ ಸೋಂಕಿಲ್ಲ. ಮಾತ್ರೆ ನಿಂತರೆ ಇವೆರಡೂ ಹೀಗೇ ಇರುತ್ತವೆ ಎಂದು ಯಾವ ಡಾಕ್ಟರೂ ಹೇಳುವುದಿಲ್ಲ. ಹತ್ತು ಮಾತ್ರೆ ಉಳಿದಿರುವಾಗಲೇ ಬರಬೇಕು ಎಂಬುದು ಅಕ್ಕನ ಕಟ್ಟುನಿಟ್ಟು. ಅದರಂತೆ ಹೋದ ಶನಿವಾರ ಬಂದರು. ನಾನು ಕಿಟಕಿಯ ಹತ್ತಿರ ಗುಂಡಿ ಬಿಡಿಸುತ್ತಿದ್ದೆ. ರಸ್ತೆ ದಾಟಿ ಅರ್ಧಕ್ಕೆ ಬಂದವರು ತಲೆಯೆತ್ತಿ ಓದಿದರು. ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡು, ಬಸ್ಸಿಗೆ ಬಂದವರಂತೆ ಸ್ಟಾಪಿಗೆ ಹೋಗಿ ನಿಂತರು. ಬಂದ ಮೊದಲ ಬಸ್ಸು ಹತ್ತಿದರು. ಅದು ಡಿಪೋಕ್ಕೆ ವಾಪಸ್ ಹೋಗುತ್ತಿದ್ದ ಬಸ್ಸು.

ಓಡಿಹೋಗಿ ಕರೆಯಬಹುದಿತ್ತಲ್ಲ ಎಂದು ಆಮೇಲೆ ಅಕ್ಕನ ಹತ್ತಿರ ಅತ್ತೆ. ಏನೆಂದು ಕರೆಯುತ್ತಿದ್ದೆ? ಅಕ್ಕನಿಗೂ ಅವರ ಮನೆ ಗೊತ್ತಿಲ್ಲ, ಹೆಸರು ಗೊತ್ತಿಲ್ಲ. ಗೊತ್ತಿಲ್ಲದ್ದರಿಂದಲೇ ಅವರು ಐದು ವರ್ಷ ಬಂದದ್ದು. ಅವರಿಗೆಂದು ತೆಗೆದಿಟ್ಟ ಡಬ್ಬಿ ಇಸ್ತ್ರಿ ಟೇಬಲ್ಲಿನ ಕೆಳಗಿದೆ. ಅಕ್ಕ ದಿನಾ ಬೆಳಿಗ್ಗೆ ಅಂಗಡಿ ತೆರೆದು, ನೆಲದ ಮೇಲೆ ಬಟ್ಟೆ ಗುರುತಿಸುವ ಸೀಮೆಸುಣ್ಣದಲ್ಲಿ ಒಂದು ಸಂಖ್ಯೆ ಬರೆಯುತ್ತಾರೆ. ಶನಿವಾರ ಹತ್ತು ಇತ್ತು. ಇವತ್ತು ಗುರುವಾರ, ಐದು.

ಯಾರಿಗೂ ತೊಂದರೆಯಾಗದಿರಲಿ ಎಂದು ಈ ಪತ್ರದಲ್ಲಿ ಪ್ಯಾಂಟಿನ ಬಣ್ಣ, ಅವರ ಕಸುಬು, ಕಿಟಕಿಯಲ್ಲಿ ಕೂರುವವರ ಸಂಬಂಧ, ಮೂರನ್ನೂ ಬದಲಿಸಿದ್ದೇನೆ. ಆ ಐದನ್ನು ಬದಲಿಸಿಲ್ಲ.

ಆದ್ದರಿಂದ ಕೇಳುವುದಿಷ್ಟು. ಬೋರ್ಡನ್ನು ತೆಗೆಯಲು ಒಪ್ಪಿಗೆ ಕೊಡಿ. ಫೋಟೊ ಕೇಳುವುದನ್ನು ನಿಲ್ಲಿಸಿ, ಕೇಂದ್ರದ ಲೆಕ್ಕಕ್ಕೆ ಅಕ್ಕನ ಅಳತೆ ಪುಸ್ತಕವನ್ನೇ ಒಪ್ಪಿಕೊಳ್ಳಿ. ತಮ್ಮ ಸಿಬ್ಬಂದಿ ತಪಾಸಣೆಗೆ ಬಂದರೆ ಒಂದು ಹರಿದ ಬಟ್ಟೆ ಹಿಡಿದುಕೊಂಡು ಬರಲಿ. ನನ್ನ ಫೋಟೊವನ್ನು ಪುಟದಿಂದ ತೆಗೆಯುವ ಅವಸರ ಬೇಡ, ಅದು ಕೊನೆಗಾಗಲಿ. ಬಸ್ ಸ್ಟಾಪಿನಲ್ಲಿ ನಿಂತು ನೋಡಿದಾಗ ಆ ಬಾಗಿಲು ಮತ್ತೆ ಬರೀ ಹೊಲಿಗೆ ಅಂಗಡಿಯ ಬಾಗಿಲಾಗಿ ಕಾಣಬೇಕು. ಅವರು ಇನ್ನೊಂದು ಸಲ ಬಂದು ನೋಡಿಯಾರು ಎಂದು ಅಕ್ಕ ಹೇಳುತ್ತಾರೆ. ಬೋರ್ಡು ಇದ್ದರೆ ಆ ಸಲವೂ ಬಸ್ಸು ಹತ್ತುತ್ತಾರೆ.

ಮಂಗಳವಾರಕ್ಕೆ ಅವರ ಮಾತ್ರೆ ಸೊನ್ನೆ. ಅಷ್ಟರೊಳಗೆ ದಯವಿಟ್ಟು ಉತ್ತರ ಬರೆಯಿರಿ.

ಇಂತಿ,
ತಮ್ಮ ದಾಖಲೆಯ ಪ್ರಕಾರ
ಈ ಕೇಂದ್ರದ ಏಕೈಕ ಫಲಾನುಭವಿ