ನಲವತ್ತೆರಡನೆಯ ಲೋಟ

ಬೋಗಾದಿ, ಮೈಸೂರು
೨ ಏಪ್ರಿಲ್ ೨೦೨೪, ಮಂಗಳವಾರ

ಪ್ರೀತಿಯ ಪಂಕಜಾ,

ಹಾಸನದಲ್ಲಿ ನೀನೂ ಮಗಳು ಲಹರಿಯೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಎರಡು ಕಾಗದ ಬಂದು ಮೇಜಿನ ಮೇಲೆ ಕೂತಿವೆ, ಎರಡಕ್ಕೂ ಉತ್ತರವಿಲ್ಲ. ಬೈಯುವಷ್ಟು ಬೈದುಬಿಡು. ಲಹರಿಗೆ ಬಿ.ಎಡ್. ಸೀಟು ಸಿಕ್ಕಿತೆಂದು ಬರೆದಿದ್ದೆ, ಅದಕ್ಕೂ ಒಂದು ಸಂತೋಷದ ಮಾತು ಬರೆಯದೆ ಹೋದೆ. ಪಿಜಿಯಲ್ಲಿ ಇಪ್ಪತ್ತಾರು ಹುಡುಗಿಯರಿಗೆ ಎರಡು ಹೊತ್ತು ಬೇಯಿಸಿ ಹಾಕುವುದರಲ್ಲಿ ಪುರಸೊತ್ತಿಲ್ಲ ಎನ್ನಬಹುದು. ಆದರೆ ಅದು ನೆಪ ಕಣೇ. ನನ್ನ ಹೊಟ್ಟೆಯಲ್ಲಿ ಬೆಂಕಿ ಇತ್ತು, ಅದನ್ನು ಬಿಟ್ಟು ಬೇರೆ ಏನು ಬರೆಯಲೂ ಕೈ ಬರಲಿಲ್ಲ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ. ಇದನ್ನು ಪೂರ್ತಿ ಓದು.

ವಸಂತ್ ನೆನಪಿದ್ದಾನಲ್ಲ? ಮಂಡಿ ಮೊಹಲ್ಲಾದ ಕಾರ್ಖಾನೆಯಲ್ಲಿ ನಮ್ಮವರ ಪಕ್ಕದಲ್ಲೇ ಕೂತು ಬೀಟೆ ಮರದಲ್ಲಿ ಚಿತ್ರ ಕೂರಿಸುತ್ತಿದ್ದವನು. ಊರು ಬಿಟ್ಟು ಬಂದವನು, ಒಬ್ಬನೇ ಇದ್ದಾನೆಂದು ಮಧ್ಯಾಹ್ನದ ಊಟಕ್ಕೆ ನಮ್ಮ ಮನೆಗೇ ಕರೆತರುತ್ತಿದ್ದರು. "ಅಕ್ಕ, ಇನ್ನರ್ಧ ಮುದ್ದೆ ಆಕಿ" ಅನ್ನುತ್ತಿದ್ದ. ಹಾಕಿದ್ದೇನೆ. ಈ ಕೈಯಲ್ಲೇ.

ನಡೆದದ್ದೆಲ್ಲ ನಿನಗೆ ಗೊತ್ತಿದೆ. ಆದರೂ ಇನ್ನೊಮ್ಮೆ ಬರೆಯುತ್ತೇನೆ, ನನ್ನ ಕೋಪ ಆರಬಾರದೆಂದು. ಗಿರಾಕಿ ಬಿಂದುಮಾಧವ ರಾಯರು ತಮ್ಮ ಅಜ್ಜಿಯ ಕಾಲದ ಒಡವೆ ಪೆಟ್ಟಿಗೆಯನ್ನು ರಿಪೇರಿಗೆ ಕೊಟ್ಟಿದ್ದರು. ಅದು ಕಾರ್ಖಾನೆಯಿಂದ ಕಾಣೆಯಾಯಿತು. ಪೊಲೀಸರು ಬಂದಾಗ, "ಸ್ಯಾಮಣ್ಣ ಚೀಲದಲ್ಲಿ ಮನೆಗೆ ತಗೊಂಡೋದ್ದು ನೋಡ್ದೆ" ಎಂದ ಈ ವಸಂತ್. ನಮ್ಮವರು ಎರಡು ದಿನ ಸ್ಟೇಷನ್ನಿನಲ್ಲಿದ್ದರು. ಪೆಟ್ಟಿಗೆ ಸಿಗಲಿಲ್ಲ, ಕೇಸೂ ನಿಲ್ಲಲಿಲ್ಲ. ಆದರೆ ಮಂಡಿ ಮೊಹಲ್ಲಾದಲ್ಲಿ ಅವರಿಗೆ ಮತ್ತೆ ಯಾರೂ ಕೆಲಸ ಕೊಡಲಿಲ್ಲ. ಉಳಿಗಳನ್ನು ದಿನಾ ಸಾಣೆ ಹಿಡಿದು, ದಿನಾ ಎಣ್ಣೆ ಹಚ್ಚಿ ಒಳಗಿಡುತ್ತಿದ್ದರು. ಎರಡು ವರ್ಷ ಹಾಗೇ ಕಳೆದು ಒಂದು ದಿನ ಎದೆ ಹಿಡಿದುಕೊಂಡು ಕೂತವರು ಏಳಲೇ ಇಲ್ಲ. ಏಳು ವರ್ಷವಾಯಿತು.

ಆ ವಸಂತ್ ಈಗ ನಮ್ಮ ಚರ್ಚಿಗೆ ಬರುತ್ತಾನೆ! ಕುಡಿತ ಬಿಡಿಸುವ ಶಿಬಿರದಲ್ಲಿ ನಮ್ಮ ಅಯ್ಯನವರ ಪರಿಚಯವಾಯಿತಂತೆ. ನಾವು ಪಾದ್ರಿಗಳನ್ನು ಅಯ್ಯನವರು ಅನ್ನುವುದು ನಿನಗೆ ಗೊತ್ತೇ ಇದೆ. ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ, ನಾನು ತಿರುಗಿ ನೋಡುತ್ತಿರಲಿಲ್ಲ. ಮೊನ್ನೆ ಈಸ್ಟರ್ ಭಾನುವಾರ ಅವನಿಗೆ ದೀಕ್ಷಾಸ್ನಾನ ಕೊಟ್ಟರು. ತಲೆಯಿಂದ ನೀರು ಇಳಿಯುತ್ತಿದ್ದಂತೆಯೇ ಎಲ್ಲರ ಮುಂದೆ ನಿಂತು ಹೇಳಿದ: "ಆ ಪೆಟ್ಗೆ ಕದ್ದು ಮಾರ್ದೋನು ನಾನೇ. ಸ್ಯಾಮಣ್ಣನ ಮ್ಯಾಲೆ ಸುಳ್ಳು ಏಳ್ಬುಟ್ಟೆ. ಕರ್ತ ನನ್ನ ಪಾಪ ತೊಳ್ದವ್ನೆ."

ಜನ ಆಮೆನ್ ಎಂದರು ಪಂಕಜಾ. ಆಮೆನ್!

ನನ್ನ ಮನೆ ಬಾಗಿಲು ತಟ್ಟದೆ ನೇರವಾಗಿ ದೇವರ ಹತ್ತಿರ ಹೋಗಿ ಮಾಫಿ ತಂದುಕೊಂಡಿದ್ದಾನೆ. ಅಯ್ಯನವರ ಪ್ರಸಂಗ ಬೇರೆ: ನಮ್ಮ ಪಾಪಕ್ಕೆಲ್ಲ ಕರ್ತನೇ ಬಲಿಯಾಗಿದ್ದಾನೆ, ಕೃಪೆಯನ್ನು ಯಾರೂ ದುಡಿದು ಪಡೆಯಲಾರರು, ಅದು ಬಿಟ್ಟಿಯಾಗಿ ಸಿಗುವಂಥದ್ದು ಎಂದರು. ಬಿಟ್ಟಿಯಂತೆ! ಸತ್ತದ್ದು ನನ್ನ ಗಂಡ. ಉಪ್ಪಿಗೂ ಗತಿಯಿಲ್ಲದೆ ಮನೆ ಬಿಟ್ಟವಳು ನಾನು. ನನಗೆ ಮಾಡಿದ್ದನ್ನು ನನ್ನನ್ನು ಒಂದು ಮಾತೂ ಕೇಳದೆ ಕ್ಷಮಿಸಲು ಯೇಸುವಿಗೆ ಅಧಿಕಾರ ಕೊಟ್ಟವರು ಯಾರು? ಹುಟ್ಟಿದಾಗಿನಿಂದ ಕ್ರೈಸ್ತಳಾಗಿ ಇದನ್ನು ಬರೆಯುತ್ತಿದ್ದೇನೆ, ನನ್ನ ನಾಲಗೆ ಸೇದಿ ಹೋಗಲಿ. ಆದರೆ ಕೇಳಿಯೇ ಕೇಳುತ್ತೇನೆ.

ಚರ್ಚಿನ ಗೇಟಿನ ಹತ್ತಿರ ಸಾರಮ್ಮಜ್ಜಿ ಕೈ ಹಿಡಿದುಕೊಂಡರು. "ಬುಡು ಸುಲೋಚನಾ, ದೇವ್ರೇ ಬುಟ್ಮೇಲೆ ನಿಂದೇನು?" ಎಂದರು. "ನಂದೇ ಎಲ್ಲ ಅಜ್ಜಿ" ಎಂದು ಕೈ ಬಿಡಿಸಿಕೊಂಡು ಬಂದೆ.

ಈಗ ನನ್ನ ಲೆಕ್ಕಾಚಾರ ಕೇಳು. ತಿಂಗಳ ಮೊದಲ ಭಾನುವಾರ ನಮ್ಮಲ್ಲಿ ಕರ್ತನ ಭೋಜನ. ಒಂದು ಚೂರು ರೊಟ್ಟಿ, ಹೆಬ್ಬೆರಳುದ್ದದ ಗಾಜಿನ ಲೋಟದಲ್ಲಿ ದ್ರಾಕ್ಷಾರಸ, ಅದು ಆತನ ದೇಹ, ಆತನ ರಕ್ತ. ದೇವರಾಜ ಮಾರ್ಕೆಟ್ಟಿನಿಂದ ಕಪ್ಪು ದ್ರಾಕ್ಷಿ ತಂದು, ಸಕ್ಕರೆ ಹಾಕಿ ಜಾಡಿಯಲ್ಲಿಟ್ಟು ಆ ರಸ ಇಳಿಸುವವಳು ಹತ್ತೊಂಬತ್ತು ವರ್ಷದಿಂದ ನಾನೇ. ಲೋಟ ತುಂಬಿಸುವವಳೂ ನಾನೇ. ನಮ್ಮದು ಸಣ್ಣ ಸಭೆ, ತೆಗೆದುಕೊಳ್ಳುವವರು ನನ್ನನ್ನೂ ಸೇರಿಸಿ ನಲವತ್ತೊಂದು ಜನ. ಈ ಭಾನುವಾರದಿಂದ ಅವನು ನಲವತ್ತೆರಡನೆಯವನು. ಹೊಸಬರು ಮೊದಲ ಸಲ ಎಲ್ಲರಿಗಿಂತ ಕೊನೆಯಲ್ಲಿ ಮೊಣಕಾಲೂರುವುದು ನಮ್ಮಲ್ಲಿ ವಾಡಿಕೆ. ಅವನಿಗಿಂತ ಮೊದಲು, ಅವನ ಪಕ್ಕದಲ್ಲೇ ನಾನಿರುತ್ತೇನೆ.

ನಾನು ನಲವತ್ತೊಂದೇ ಲೋಟ ತುಂಬಿಸುತ್ತೇನೆ. ಉಳಿದ ರಸವನ್ನು ಮನೆಯಲ್ಲೇ ಬಿಟ್ಟು ಹೋಗುತ್ತೇನೆ. ಖಾಲಿ ತಟ್ಟೆ ಅವನ ಮುಂದೆ ಬಂದಾಗ ಅವನ ಮುಖ ಹೇಗಾಗುತ್ತದೋ ಹತ್ತಿರದಿಂದ ನೋಡಬೇಕು. ನಿನಗೆ ಇಲ್ಲಿ ಪಾಲಿಲ್ಲ ಎಂದು ಅವನಿಗೆ ಒಬ್ಬರಾದರೂ ಹೇಳಬೇಕು ಕಣೇ.

ಇಂತಿ ನಿನ್ನ
ಸುಲೋಚನಾ


ಬೋಗಾದಿ
೯ ಏಪ್ರಿಲ್ ೨೦೨೪, ಯುಗಾದಿ

ಪ್ರೀತಿಯ ಪಂಕಜಾ,

ಹಬ್ಬದ ಶುಭಾಶಯ. ಕುವೆಂಪುನಗರದಲ್ಲಿ ನೀನಿದ್ದಾಗ ಈ ಹೊತ್ತಿಗೆ ನಮ್ಮ ಮನೆಗೆ ಒಬ್ಬಟ್ಟಿನ ಡಬ್ಬಿ ಹಿಡಿದು ಸ್ಕೂಟರಿನಲ್ಲಿ ಬಂದಿರುತ್ತಿದ್ದೆ. ಶನಿವಾರ ನೀನು ನಾಲ್ಕು ಸಲ ಫೋನ್ ಮಾಡಿದ್ದೆ, ಬೇಕೆಂದೇ ಎತ್ತಲಿಲ್ಲ. ಎತ್ತಿದ್ದರೆ "ಬೇಡ ಕಣೇ ಸುಲೂ" ಅನ್ನುತ್ತಿದ್ದೆ, ನಿನ್ನ ದನಿ ಕೇಳಿದರೆ ನಾನು ಮೆತ್ತಗಾಗುತ್ತಿದ್ದೆ. ಆ ತಪ್ಪಿಗೆ ಕ್ಷಮೆ ಇರಲಿ.

ಹೇಳಿದಂತೆಯೇ ಮಾಡಿದೆ. ಭಾನುವಾರ ಬೆಳಿಗ್ಗೆ ಲೋಟ ತೊಳೆದಿಡಲು ಅವನೇ ಬಂದಿದ್ದ. ಅಯ್ಯನವರು ಒಪ್ಪಿಸಿದ ಕೆಲಸವಂತೆ. ನಲವತ್ತೆರಡನ್ನು ತೊಳೆದು, ಬಿಳಿ ಬಟ್ಟೆಯ ಮೇಲೆ ಬೋರಲು ಹಾಕಿ, ತಲೆ ತಗ್ಗಿಸಿಕೊಂಡು ಹೊರಗೆ ಹೋದ. ನಾನು ಒಂದನ್ನು ಎತ್ತಿ ಬೀರುವಿನಲ್ಲಿಟ್ಟೆ. ಉಳಿದವನ್ನು ತುಂಬಿಸಿ ತಟ್ಟೆಯಲ್ಲಿ ಜೋಡಿಸಿದೆ.

ಸಾಲು ಸಾಲಾಗಿ ಎಲ್ಲರೂ ಹೋಗಿ ಬಂದರು. ಕೊನೆಯ ಸಾಲಿಗೆ ಉಳಿದದ್ದು ಮೂರೇ ಜನ: ಸಾರಮ್ಮಜ್ಜಿ, ನಾನು, ಅವನು. ಅಜ್ಜಿಗೆ ಮಂಡಿನೋವು, ಮೆಟ್ಟಿಲ ಮೇಲೆ ಮೊಣಕಾಲೂರಲು ಹೋಗಿ ತೂಗಾಡಿದರು. ನಾನು ಕೈ ಕೊಡುವಷ್ಟರಲ್ಲಿ ಅವನು ನನ್ನನ್ನು ದಾಟಿ ಮುಂದೆ ಬಂದು ಅಜ್ಜಿಯನ್ನು ಹಿಡಿದುಕೊಂಡ. ಮೆಲ್ಲಗೆ ಕೂರಿಸಿ ಅವರ ಪಕ್ಕದಲ್ಲೇ ತಾನೂ ಕೂತ. ಅಜ್ಜಿ ಅವನ ತೋಳನ್ನು ಬಿಡಲೇ ಇಲ್ಲ. ಎದ್ದು ಆಚೆ ಹೋಗು ಎಂದು ಆ ಜಾಗದಲ್ಲಿ ಹೇಗೆ ಹೇಳಲಿ? ಕೊನೆಗೆ ನಾನೇ ಉಳಿದೆ.

ಅಯ್ಯನವರು ಅಜ್ಜಿಗೆ ಕೊಟ್ಟರು. ಅವನಿಗೆ ಕೊಟ್ಟರು. ನನ್ನ ಮುಂದೆ ಬಂದವರು ತಟ್ಟೆ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ಹತ್ತೊಂಬತ್ತು ವರ್ಷದಲ್ಲಿ ನನ್ನ ಎಣಿಕೆ ಒಮ್ಮೆಯೂ ತಪ್ಪಿಲ್ಲವೆಂದು ಅವರಿಗೆ ಗೊತ್ತು. ನನ್ನ ಕಿವಿಯೆಲ್ಲ ಬಿಸಿಯಾಯಿತು.

ಅವನಿನ್ನೂ ಕುಡಿದಿರಲಿಲ್ಲ. ಲೋಟವನ್ನು ಎರಡೂ ಕೈಯಲ್ಲಿ ನನ್ನ ಕಡೆ ಹಿಡಿದ. "ನೀವು ತಗೊಳಿ ಅಕ್ಕ. ನಂಗೆ ಬುಡಿ" ಎಂದ. ಅಯ್ಯನವರು ಖಾಲಿ ತಟ್ಟೆಯನ್ನು ಕೆಳಗಿಳಿಸಿದರು.

ಕುಡಿದೆ. ಮನಸ್ಸು ಕರಗಿ ಕುಡಿದೆ ಎಂದು ಸಂತೋಷಪಡಬೇಡ. ಸಿಟ್ಟಿನಲ್ಲೇ ಕುಡಿದೆ. ನನ್ನ ಕೈಯಾರೆ ಇಳಿಸಿದ ರಸವನ್ನು ಅವನ ಕೈಯಿಂದ ತೆಗೆದುಕೊಂಡು ಕುಡಿದೆ.

ಆರಾಧನೆ ಮುಗಿದ ಮೇಲೆ ನಾನು ಲೋಟ ಎತ್ತಿಡಲು ಹೋದರೆ ಅವನು ಆಗಲೇ ನಲ್ಲಿ ಬಿಟ್ಟುಕೊಂಡು ತೊಳೆಯುತ್ತಿದ್ದ.

"ಎಣಿಕೆ ತಪ್ಪಿದ್ದಲ್ಲ" ಎಂದೆ. ಅವನಿಗೆ ನೋಯಲೆಂದೇ ಹೇಳಿದೆ.

"ಗೊತ್ತು ಅಕ್ಕ. ತಟ್ಟೆ ತರಕ್ಕೆ ಬಂದಾಗ ಒಂದು ಬೀರೂಲಿ ಇದ್ದದ್ದು ಕಂಡೆ. ಅದು ನಂದೇ ಅಂತ ಗೊತ್ತಾಯ್ತು."

"ಗೊತ್ತಿದ್ದೂ ಯಾಕೆ ಬಂದು ಕೂತೆ?"

ಅವನು ನಲ್ಲಿ ನಿಲ್ಲಿಸಿದ. "ನಿಮ್ಮನೇಗೆ ಮೂರು ಸಲ ಬಂದಿದ್ದೆ ಅಕ್ಕ. ಗೇಟು ಮುಟ್ಬುಟ್ಟು ವಾಪಸ್ ಓದೆ. ನಿಮ್ಮ ಮುಂದೆ ನಿಂತ್ಕಳಕ್ಕೆ ಮೊಖ ಇರ್ನಿಲ್ಲ. ಇಲ್ಲಾದ್ರೆ ನೀವು ಎದ್ದೋಗಂಗಿಲ್ಲ, ನಾನೂ ಓಡೋಗಂಗಿಲ್ಲ."

"ಮುಂದಿನ ತಿಂಗಳೂ ನಲವತ್ತೊಂದೇ ಇಡ್ತೀನಿ" ಎಂದೆ.

"ಇಡಿ ಅಕ್ಕ. ನಾನು ತೊಳ್ದು ಕೊಡ್ತೀನಿ."

ಇಂಥವನನ್ನು ಏನು ಮಾಡುವುದು ಹೇಳು? ತಿರುಗಿ ಬಿದ್ದಿದ್ದರೆ ನನಗೆಷ್ಟು ಹಾಯಾಗಿರುತ್ತಿತ್ತು. ಎರಡು ದಿನದಿಂದ ಅವನ ಮೇಲೆ ಹಲ್ಲು ಕಡಿಯುತ್ತಲೇ ಇದ್ದೇನೆ, ಆದರೆ ಮೊದಲಿನ ರುಚಿ ಇಲ್ಲ. ಮೇ ತಿಂಗಳಿಗೆ ಎಷ್ಟು ಲೋಟ ತುಂಬಿಸುತ್ತೇನೋ ನನಗೇ ತಿಳಿಯದು.

ಲಹರಿಗೆ ನನ್ನ ಆಶೀರ್ವಾದ ಹೇಳು. ನಿನ್ನ ದೇವರೂ ನನ್ನ ದೇವರೂ ಸೇರಿ ಆ ಮಗುವನ್ನು ಚೆನ್ನಾಗಿಟ್ಟಿರಲಿ. ನಿನ್ನ ಬೆನ್ನುನೋವಿಗೆ ಎಣ್ಣೆ ಕಳಿಸುತ್ತೇನೆ.

ಇಂತಿ ನಿನ್ನ
ಸುಲೂ

ಮತ್ತೆ: ಸಹಿ ಹಾಕಿದ ಮೇಲೂ ಪೆನ್ನು ಕೆಳಗಿಡಲಾಗುತ್ತಿಲ್ಲ. ನಿನಗೂ ಹೇಳದ ಒಂದು ವಿಷಯವಿದೆ. ನಮ್ಮವರು ಸ್ಟೇಷನ್ನಿನಿಂದ ಬಂದ ದಿನ ನೀರು ಕಾಯಿಸಿ ಕೊಟ್ಟೆ. ಅವರು ಬಚ್ಚಲಿಗೆ ಹೋದದ್ದೇ ತಡ, ಅವರ ಉಳಿಗಳ ಪೆಟ್ಟಿಗೆಯನ್ನು ನೆಲಕ್ಕೆ ಸುರಿದು ತಡಕಿದೆ. ಟ್ರಂಕಿನ ಬಟ್ಟೆಯನ್ನೆಲ್ಲ ಕಿತ್ತು ಹಾಕಿದೆ. ಕದ್ದಿದ್ದಾರೋ ಇಲ್ಲವೋ ಎಂದಲ್ಲ, ಎಲ್ಲಿಟ್ಟಿದ್ದಾರೆಂದು ಹುಡುಕಿದೆ ಪಂಕಜಾ. ತಲೆ ಎತ್ತಿದರೆ ಮೈಯನ್ನೂ ಒರೆಸಿಕೊಳ್ಳದೆ ಬಾಗಿಲಲ್ಲಿ ನಿಂತಿದ್ದರು. "ಸಿಕ್ತೇನೇ, ಸುಲೂ?" ಎಂದರು. ಆಮೇಲೆ ಎರಡು ವರ್ಷ ನಾನು ಬಡಿಸಿದ್ದನ್ನು ಉಂಡರು, ಆ ಮಾತು ಮತ್ತೆ ಎತ್ತಲಿಲ್ಲ. ನಾನೂ ತಪ್ಪಾಯಿತು ಎನ್ನಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡೇ ಇದ್ದೆ. ತಪ್ಪಾಯಿತು ಎಂದು ವಸಂತ್ ಹೇಳಿಕೊಳ್ಳಲು ನಾನಿನ್ನೂ ಬದುಕಿದ್ದೇನೆ, ನಾನು ಹೇಳಿಕೊಳ್ಳಲು ಅವರಿಲ್ಲ. ಅದಕ್ಕೇ ಅವನನ್ನು ಕಂಡರೆ ನನಗಾಗುವುದಿಲ್ಲ.