ಎರಡನೆಯ ಬಾಣಲೆ

ಸ್ಯಾನ್ ಮಟಿಯೋ
ಸೋಮವಾರ, ೨೬ ಮೇ ೨೦೨೫

ಪ್ರೀತಿಯ ಭುವನಕ್ಕಾ,

ಕೈಯ ಪ್ಲಾಸ್ಟರ್ ತೆಗೆದರೇ? ತೆಗೆದ ಮೇಲೆ ಕೈ ಸೊರಗಿ ಬೇರೆ ಯಾರದ್ದೋ ಎನ್ನಿಸುತ್ತದಂತೆ, ಹೆದರಬೇಡ. ಬೆರಳು ಮಡಚಿ ಬಿಚ್ಚುವುದನ್ನು ಬಿಡಬೇಡ. ನಿದ್ದೆ ಬರುತ್ತಿದೆಯೇ? ಫೋನಿನಲ್ಲಿ ಕೇಳಿದರೆ ಅಮ್ಮ ಸ್ಪೀಕರ್ ಹಾಕಿಕೊಂಡು ಪಕ್ಕದಲ್ಲೇ ಕೂತಿರುತ್ತಾಳೆ, ನೀನು "ಆರಾಮ ಅದೀನಿ" ಎನ್ನುತ್ತೀ. ಅದಕ್ಕೇ ಈ ಕಾಗದ. ಗುರುಕಿರಣ್ ನಾಳೆ ಹುಬ್ಬಳ್ಳಿಗೆ ಹೊರಟಿದ್ದಾನೆ, ನಿನ್ನ ಕೈಗೇ ಕೊಡಬೇಕೆಂದು ಹೇಳಿದ್ದೇನೆ. ನಾನು ಚೆನ್ನಾಗಿದ್ದೇನೆ. ಬಲ ಮಣಿಕಟ್ಟು ಊದಿಕೊಂಡಿದೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ಕೆಳಗಿನ ಅಪಾರ್ಟ್‌ಮೆಂಟಿನ ಗ್ರಾಸಿಯೆಲಾ ನೆನಪಿರಬೇಕು, ಡೇಕೇರಿನಲ್ಲಿ ಮೂವತ್ತು ವರ್ಷ ದುಡಿದ ಅರ್ಜೆಂಟೀನಾದ ಅಜ್ಜಿ. ಬಾಡಿಗೆ ಏರಿಕೆಯ ವಿರುದ್ಧ ನಾನು ಬರೆದ ಕರಪತ್ರವನ್ನು ಈ ಕಟ್ಟಡದಲ್ಲಿ ಕೊನೆಯ ಸಾಲಿನವರೆಗೆ ಓದಿದವಳು ಅವಳೊಬ್ಬಳೇ. ಮೇ ಇಪ್ಪತ್ತೈದು ಅವರ ಜನ ಪರದೇಶದ ರಾಜನ ಪ್ರತಿನಿಧಿಯನ್ನು ಗದ್ದುಗೆಯಿಂದ ಇಳಿಸಿದ ದಿನ. ಆ ನೆನಪಿಗೆ ಪಾಸ್ತೆಲಿತೊ ಎಂಬ ಸಿಹಿ ಕರಿಯುತ್ತಾರೆ. ದಂಗೆಯನ್ನು ಬಾಯಿ ಸಿಹಿ ಮಾಡಿಕೊಂಡು ನೆನೆಯುವ ಜನ ನನಗೆ ಕೂಡಲೇ ಹಿಡಿಸಿದರು. ಚಿರೋಟಿಯ ಹಾಗೆ ಹಿಟ್ಟು ಲಟ್ಟಿಸಿ, ಕೊಬ್ಬು ಸವರಿ, ಮಡಚಿ, ಮತ್ತೆ ಲಟ್ಟಿಸಬೇಕು. ಕ್ವಿನ್ಸ್ ಎಂಬ ಹಣ್ಣನ್ನು ಹಸಿಯಾಗಿ ಕಚ್ಚಿದರೆ ನಾಲಿಗೆ ಒಗರಾಗಿ ಒಣಗುತ್ತದೆ. ಸಕ್ಕರೆಯಲ್ಲಿ ಕುದಿಸಿದರೆ ಇಟ್ಟಿಗೆ ಬಣ್ಣದ ಹಲ್ವದಂತೆ ಗಟ್ಟಿಯಾಗುತ್ತದೆ. ಅದರ ತುಂಡನ್ನು ಒಂದು ಚೌಕದ ನಡುವೆ ಇಟ್ಟು, ಮೇಲೆ ಇನ್ನೊಂದು ಚೌಕವನ್ನು ಓರೆಯಾಗಿ ಹೊದಿಸಿ, ಹೂರಣದ ಸುತ್ತ ಮಾತ್ರ ಒತ್ತಬೇಕು. ನಾನು ಕರ್ಜಿಕಾಯಿಯಂತೆ ಅಂಚೆಲ್ಲ ಒತ್ತಿ ಮುಚ್ಚಿಬಿಟ್ಟೆ. ಅವಳು ನನ್ನ ಕೈಗೆ ಪಟ್ಟನೆ ಹೊಡೆದು, "ಹೊಲಿದೇಬಿಟ್ಟೆಯಲ್ಲ ಹುಡುಗಿ, ಇದು ತೆರೆದುಕೊಳ್ಳೋದು ಹೇಗೆ?" ಎಂದಳು. ನನಗೆ ಅಮ್ಮನ ಮಾತು ನೆನಪಾಯಿತು: "ಕರ್ಜಿಕಾಯಿ ಬಾಯಿ ಬಿಟ್ಟರ ಎಣ್ಣಿ ಎಲ್ಲಾ ಕೆಡ್ತದ." ನೀನು ಕೈ ಮುರಿದುಕೊಂಡು ಊರಿಗೆ ಹೋದಾಗಲೂ ಅವಳು ನಿನಗೆ ಅದನ್ನೇ ಹೇಳಿದಳು, ಎಣ್ಣೆಯ ಬದಲು ಮನೆತನ ಎಂದಳು ಅಷ್ಟೆ.

ಇದಕ್ಕೆ ಎರಡು ಬಾಣಲೆ ಬೇಕು. ಮೊದಲನೆಯದರಲ್ಲಿ ಎಣ್ಣೆ ಉಗುರುಬೆಚ್ಚಗೆ. ಅದರಲ್ಲಿ ಪದರಗಳು ಎಸಳುಗಳಂತೆ ಬಿಚ್ಚಿಕೊಳ್ಳುತ್ತವೆ. ಎರಡನೆಯದು ಕುದಿಯುವಂಥದ್ದು, ಬಣ್ಣ ಬರಲು.

ಶನಿವಾರ ಮಧ್ಯಾಹ್ನ ಹೊಗೆ ಹೋಗಲೆಂದು ಅವಳ ಮನೆಯ ಬಾಗಿಲು ತೆರೆದಿಟ್ಟಿದ್ದೆವು. ನಿನ್ನ ಗಂಡ ಅಜಯ ಫಾಸ್ಟರ್ ಸಿಟಿಯಿಂದ ಬಂದವನು ಬೂಟು ಕಳಚದೆ ಅಡುಗೆಮನೆಗೇ ನುಗ್ಗಿದ. ನೀನು ಅರೆಮನಸ್ಸಿನಿಂದ ಒಪ್ಪಿದ ಮೇಲೆ ಅವನ ಹೊಡೆತಗಳ ಬಗ್ಗೆ ವಕೀಲೆ ಬರೆದ ಪತ್ರ ಅವನಿಗೆ ತಲುಪಿತ್ತು. ನಿನ್ನ ಬೆನ್ನು, ಕುತ್ತಿಗೆಯ ನೀಲಿ ಗುರುತುಗಳ ಫೋಟೊ ಇದ್ದ, ನೀನು ನನಗೆ ಕೊಟ್ಟುಹೋದ ಹಳೆಯ ಫೋನು ಬೇಕೆಂದ. "ಫ್ಯಾಮಿಲಿ ಮ್ಯಾಟರು ಕಣೇ ಇದು, ನಿನ್ನ ಯೂನಿಯನ್ನು, ಪಾಂಫ್ಲೆಟ್ಟು ಎಲ್ಲ ಇಲ್ಲಿ ತರಬೇಡ" ಎಂದು ನಕ್ಕ. ಕೊಡುವುದಿಲ್ಲ ಎಂದೆ. ಮೊದಲು ಕೆನ್ನೆಗೆ ಬಾರಿಸಿದ. ಆಮೇಲೆ ಮಣಿಕಟ್ಟು ಹಿಡಿದು ತಿರುಚಿದ, ನಿಧಾನವಾಗಿ, ನಲ್ಲಿ ಬಿಗಿ ಮಾಡುವವನಂತೆ. ಆ ಕೈಗೆ ದಾರಿ ಗೊತ್ತಿತ್ತು ಅಕ್ಕಾ. ನಿನ್ನ ಮೂಳೆ ಮೆಟ್ಟಿಲಿನಲ್ಲಿ ಮುರಿಯಿತೆಂದು ನನಗೂ ಹೇಳಿದ್ದೆ; ಹೇಗೆ ಮುರಿಯಿತೆಂದು ನನ್ನ ಕೈ ನನಗೆ ತಿಳಿಸಿತು. ಏಪ್ರನ್ನಿನ ಜೇಬಿನಿಂದ ಫೋನು ಕಿತ್ತು, ನೆಲಕ್ಕೆ ಅಪ್ಪಳಿಸಿ, ಪುಡಿಯಾಗುವವರೆಗೆ ಹಿಮ್ಮಡಿಯಿಂದ ಜಜ್ಜಿದ. ಫೋಟೊಗಳನ್ನು ಬೇರೆಲ್ಲೂ ಇಡಬೇಡ ಎಂದು ನೀನು ಆಣೆ ಹಾಕಿಸಿದ್ದೆ. ನಾನು ಇಟ್ಟಿರಲಿಲ್ಲ.

ಬಲಗಡೆಯ ಬಾಣಲೆ ಎತ್ತಿ ಅವನ ಮುಖಕ್ಕೆ ಎರಚಿದೆ. ಅವನು ಬೆಂದವನಂತೆ ಕಿರುಚಿ ಹಿಂದೆ ಸರಿದ, ಎಣ್ಣೆಯಲ್ಲಿ ಜಾರಿದ, ಕಲ್ಲಿನ ಕಟ್ಟೆಗೆ ಬಾಯಿ ಬಡಿದು ಎರಡು ಹಲ್ಲು ಮುರಿದವು. ನೆಲದ ಮೇಲೆ ರಕ್ತ ಎಣ್ಣೆಯೊಂದಿಗೆ ಬೆರೆಯದೆ ಸಣ್ಣ ಗುಂಡುಗಳಾಗಿ ನಿಂತಿತು. ಚರ್ಮಕ್ಕೆ ಏನೂ ಆಗಲಿಲ್ಲ. ಗ್ರಾಸಿಯೆಲಾ ಎಡಚಿ, ಅವಳ ಒಲೆಯಲ್ಲಿ ಕೆಲಸ ಬಲದಿಂದ ಎಡಕ್ಕೆ ಸಾಗುತ್ತದೆ, ಉಗುರುಬೆಚ್ಚಗಿನ ಬಾಣಲೆ ಬಲಕ್ಕಿರುತ್ತದೆ. ಬೆಳಗಿನಿಂದ ನೋಡುತ್ತಿದ್ದರೂ ಸಿಟ್ಟಿನಲ್ಲಿ ನನ್ನ ಕೈ ನಮ್ಮ ಮನೆಯ ಅಭ್ಯಾಸಕ್ಕೇ ಹೋಗಿತ್ತು.

ಪೊಲೀಸರನ್ನು ಕರೆದವನು ಅವನೇ. ಗ್ರಾಸಿಯೆಲಾ ನನ್ನನ್ನು ಉಳಿಸಲು, "ಜಾಣೆ, ತಣ್ಣಗಿದ್ದದ್ದನ್ನೇ ನೋಡಿ ಎತ್ತಿದಳು" ಎಂದಳು. ನಾನು ಇಲ್ಲವೆಂದೆ. ಕುದಿಯುವುದನ್ನೇ ಎತ್ತಿದೆ ಅಂದುಕೊಂಡಿದ್ದೆ, ಅವನ ಮುಖ ಬೇಯಲಿ ಎಂದೇ ಎರಚಿದೆ ಎಂದು ಬರೆಸಿದೆ. ವಕೀಲೆ ತಲೆ ಹಿಡಿದುಕೊಂಡಳು. ಮನೆಯೊಡೆಯನ ಸುಳ್ಳು ಲೆಕ್ಕ ಬಯಲಿಗೆಳೆಯಿರಿ ಎಂದು ಬಾಗಿಲು ಬಾಗಿಲಿಗೆ ಕಾಗದ ಹಂಚಿದವಳು ನನ್ನ ಲೆಕ್ಕಕ್ಕೆ ಬಂದಾಗ ಸುಳ್ಳು ಹೇಳಲೇ? ಮುಖ ಬೇಯಲೆಂದು ಬಯಸಿದ್ದಕ್ಕೆ ನಾಚಿಕೆಯಿದೆ. ಎರಚಿದ್ದಕ್ಕಿಲ್ಲ. ಮನೆಯೊಳಗಿನ ರಾಜನೂ ರಾಜನೇ.

ಊಟ ಬಿಡಬೇಡ. ಅಪ್ಪನಿಗೆ ನಮಸ್ಕಾರ, ಅಮ್ಮನಿಗೂ. ಡಬ್ಬಿಯಲ್ಲಿ ಆರು ಪಾಸ್ತೆಲಿತೊ ಇವೆ, ಪ್ರಯಾಣದಲ್ಲಿ ಎಸಳು ಮುರಿದಿದ್ದರೆ ಗುರುಕಿರಣನನ್ನು ಬೈದುಕೋ.

ನಿನ್ನ ತಂಗಿ,
ಸ್ನೇಹಲ್

ಮರೆತೆ, ಗುರುಕಿರಣ್ ಕೆಳಗೆ ಹಾರ್ನ್ ಹೊಡೆಯುತ್ತಿದ್ದಾನೆ: ಜೂನ್ ೩, ಮಂಗಳವಾರ, ನಿಮ್ಮ ರಾತ್ರಿ ಒಂಬತ್ತಕ್ಕೆ ವಕೀಲೆ ನಿನಗೆ ಫೋನ್ ಮಾಡುತ್ತಾಳೆ. ಫೋಟೊಗಳಿಲ್ಲ, ಸಾಕ್ಷಿಗೆ ನೀನಿದ್ದೀ. ಮೆಟ್ಟಿಲಿನಲ್ಲಿ ಜಾರಿದೆ ಎಂದು ನೀನು ಮತ್ತೆ ಹೇಳಿದರೆ ನಾನು ಜೈಲಿಗೆ ಹೋಗಬಹುದು, ಹೋಗಬಲ್ಲೆ. ನೀನು ಮತ್ತೆ ಅವನ ಮನೆಗೆ ಹೋಗುವುದನ್ನು ತಾಳಲಾರೆ. ಅಮ್ಮ ಪಕ್ಕದಲ್ಲೇ ಇರಲಿ, ಸ್ಪೀಕರ್ ಹಾಕಿಯೇ ಹೇಳು. ಎಣ್ಣೆ ಕೆಟ್ಟರೆ ಕೆಡಲಿ. ಬಾಯಿ ಬಿಡು.