ಕಿಟಕಿ ಸೀಟಿನ ಸಂಕೋಚ

ಅಕ್ಕಾ,

ಈ ಕತೆಯನ್ನು ಮೊದಲು ಹೇಳಿದವರು ನಿವೃತ್ತ ಬಸ್ ಕಂಡಕ್ಟರೊಬ್ಬರು. ಮೊನ್ನೆ ವಿಮಾನ ಮೇಲೇರಿದ ಮೇಲೆ, ನನ್ನ ಪಕ್ಕದ ಸೀಟಿನಲ್ಲಿ ಕೂತು. ವಿಮಾನದಲ್ಲಿ ಕೂತರೆ ಕಾಲು ಊದುತ್ತದೆಂದು ಹೆದರಿ ಮಗಳ ಹೆರಿಗೆಗೂ ಬರುವುದಿಲ್ಲ ಎನ್ನುವ ನೀನು ಇದನ್ನು ಕೇಳಲೇಬೇಕು.

ಮೊದಲ ಸಲ ಹಾರಿದಾಗ ಅವರಿಗೆ ಸಿಕ್ಕಿದ್ದು ಕಿಟಕಿಯ ಸೀಟು. ಏಳಬೇಕಾದರೆ ಇಬ್ಬರನ್ನು ದಾಟಬೇಕಲ್ಲ ಎಂಬ ಸಂಕೋಚಕ್ಕೆ ನೀರನ್ನೂ ಕುಡಿಯದೆ ಕಲ್ಲಿನಂತೆ ಕೂತರಂತೆ. ಇಳಿಯುವಾಗ ಪಾದಗಳು ದಿಂಬಿನಂತಾಗಿ, ಬೂಟು ಕೈಯಲ್ಲಿ ಹಿಡಿದುಕೊಂಡೇ, ಕರೆದೊಯ್ಯಲು ಬಂದಿದ್ದ ಬೀಗರ ಮುಂದೆ ನಿಂತರಂತೆ!

“ಬಸ್ಸಲ್ಲಿ ಜೀವಮಾನವೆಲ್ಲ ಜನರನ್ನ ‘ಒಳಗೆ ಹೋಗಿ, ಒಳಗೆ ಹೋಗಿ’ ಅಂತ ಗದರಿದವನು ನಾನು. ಅಲ್ಲಿ ‘ಸ್ವಲ್ಪ ದಾರಿ ಬಿಡಿ’ ಅನ್ನೋಕೆ ಬಾಯೇ ಬರಲಿಲ್ಲ ನೋಡಿ ತಾಯಿ. ನೀವೂ ಬಾಯಿ ಒಣಗಿಸ್ಕೊಂಡು ಕೂತಿದ್ದೀರಲ್ಲ? ಏಳಿ, ಓಡಾಡಿ!” ಎಂದರು.

ಆಗಾಗ ಎದ್ದೆ, ಗುಟುಕು ಗುಟುಕಾಗಿ ನೀರು ಕುಡಿದೆ. ಇಳಿದಾಗ ಚಪ್ಪಲಿ ಸಲೀಸಾಗಿ ಕಾಲಿಗೇರಿತು. ಕಿವಿಯೊಂದು ಇನ್ನೂ ಗುಂಯ್ ಎನ್ನುತ್ತಿದೆ, ಅಷ್ಟೇ.

ನಿನ್ನೆ ಇಲ್ಲಿ ಊಟದ ಹೊತ್ತಿಗೆ ಇದನ್ನು ನಿನ್ನ ಮಗಳಿಗೂ ಅಳಿಯನಿಗೂ ಹೇಳಿದೆ. ಬಿದ್ದು ಬಿದ್ದು ನಕ್ಕರು. ಈ ಬೆಳಿಗ್ಗೆ ನಾನು ಹಲ್ಲುಜ್ಜಿ ಬರುವಷ್ಟರಲ್ಲಿ ಇಬ್ಬರೂ ನಿನಗೆ ಟಿಕೆಟ್ ತೆಗೆದುಬಿಟ್ಟಿದ್ದರು, ಓಡಾಡುವ ದಾರಿಯ ಪಕ್ಕದ ಸೀಟೇ ಬೇಕೆಂದು ಕೇಳಿ.

ನಿನ್ನ ತಂಗಿ